ತೂಕದ ಆಪರೇಷನ್‌ಗೆ ಇನ್ಶೂರೆನ್ಸ್ ಒಪ್ಪಿಗೆ ಸಿಗುತ್ತಾ? ತುಮಕೂರು ಕಡೆಯವರು ಯಾರಾದರೂ ಮಾಡಿಸಿದ್ದೀರಾ?

ಅಮಾನಿಕೆರೆ ಹತ್ತಿರದವಳು, ತುಮಕೂರು

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಎತ್ತರ 154 ಸೆಂಟಿಮೀಟರ್, ತೂಕ 92 ಕೆಜಿ. ಶುಗರ್ ಬಂದು ಒಂಬತ್ತು ವರ್ಷ ಆಯಿತು. ಬೆಳಿಗ್ಗೆ, ಸಂಜೆ ಮಾತ್ರೆ, ರಾತ್ರಿ ಇನ್ಸುಲಿನ್. ಇಷ್ಟಾದರೂ ಶುಗರ್‌ನ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ ಟೆಸ್ಟ್) 9.4 ಬಂದಿದೆ. ಮಂಡಿ ನೋವು ಬೇರೆ. ಮಹಡಿ ಮೇಲೆ ಬಟ್ಟೆ ಒಣಗಿಸಲು ಹೋಗುವುದನ್ನೇ ಬಿಟ್ಟಿದ್ದೇನೆ.

ತೂಕ ಇಳಿಸಲು ಮಾಡದೆ ಬಿಟ್ಟದ್ದು ಏನೂ ಇಲ್ಲ. ಕೆರೆ ಸುತ್ತ ನಡೆದೆ. ರಾತ್ರಿ ಊಟ ಬಿಟ್ಟೆ. ಪರಿಚಯದವರು ಮಾರುವ ಶೇಕ್ ಪುಡಿ ನಾಲ್ಕು ತಿಂಗಳು ಕುಡಿದೆ. ಎಂಟು ಕೆಜಿ ಇಳಿಯಿತು, ಆಮೇಲೆ ಹತ್ತು ಕೆಜಿ ಏರಿತು.

ಹೋದ ವಾರ ಬೆಂಗಳೂರಿನಲ್ಲಿ ಒಬ್ಬ ಸರ್ಜನ್ ಹತ್ತಿರ ತೋರಿಸಿದೆ. ನಿಮ್ಮ ಶುಗರ್‌ಗೆ ಬೈಪಾಸ್, ಅಂದರೆ ಹೊಟ್ಟೆಯನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಆಪರೇಷನ್, ಒಳ್ಳೆಯದು ಎಂದರು. ಸುಮಾರು 3 ಲಕ್ಷ 80 ಸಾವಿರ ಆಗಬಹುದಂತೆ. ಯಜಮಾನರು ವಸಂತನರಸಾಪುರದ ಫ್ಯಾಕ್ಟರಿಯಲ್ಲಿದ್ದಾರೆ, ಕಂಪನಿ ಕಡೆಯಿಂದ 5 ಲಕ್ಷದ ಇನ್ಶೂರೆನ್ಸ್ ಇದೆ. ಆದರೆ ಕೇಳಿದವರೆಲ್ಲ "ತೂಕದ ಆಪರೇಷನ್‌ಗೆ ಕೊಡಲ್ಲ, ಅದು ಅಂದಕ್ಕೆ ಮಾಡಿಸೋದು" ಎನ್ನುತ್ತಾರೆ. ನಿಜಾನಾ? ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.

ಗುಬ್ಬಿ ಹಿರಿಯ

ತಾಯಿ, ಇರುವ ಹೊಟ್ಟೆಯನ್ನು ಯಾಕೆ ಕೊಯ್ಯಿಸಿಕೊಳ್ಳುತ್ತೀಯ? ಬೆಳಿಗ್ಗೆ ಎದ್ದು ಎರಡು ಗಂಟೆ ನಡಿ. ರಾಗಿ ಅಂಬಲಿ ಕುಡಿ. ನಮ್ಮ ಕಾಲದಲ್ಲಿ ಇಂಥ ಆಪರೇಷನ್ ಎಲ್ಲಿತ್ತು? ಶುಗರ್ ಇರುವವರಿಗೆ ಗಾಯ ಬೇಗ ಮಾಯುವುದಿಲ್ಲ. ಯೋಚನೆ ಮಾಡು.

ಮಾರಿಕುಪ್ಪಂ ಪ್ಯಾಸೆಂಜರ್, ಕೋಲಾರ ಜಿಲ್ಲೆ

ಅಕ್ಕ, ಸಿಗುತ್ತೆ. ನನಗೆ ಸಿಕ್ಕಿದೆ. ಮೊದಲ ಸಲ ರಿಜೆಕ್ಟ್ ಆಗಿ, ಎರಡನೇ ಸಲ ಸಿಕ್ಕಿತು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ನಿಮಗೆ ಕೆಲಸಕ್ಕೆ ಬರಬಹುದು.

ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವನು. ಸಂಜೆ ಕೂತ ತಕ್ಷಣ ನಿದ್ದೆ. ಬಂಗಾರಪೇಟೆಯಲ್ಲಿ ಇಳಿಯಬೇಕಾದವನು ಎಷ್ಟೋ ಸಲ ಕೊನೆಯ ಸ್ಟೇಷನ್‌ವರೆಗೂ ಹೋಗಿದ್ದೇನೆ. ದಣಿವು ಅಂದುಕೊಂಡಿದ್ದೆ. ರಾತ್ರಿ ಗೊರಕೆ ಹೊಡೆಯುತ್ತಾ ಉಸಿರೇ ನಿಂತುಹೋಗುತ್ತದೆ ಎಂದು ಹೆಂಡತಿ ಅಳುತ್ತಾ ಹೇಳಿದ ಮೇಲೆ ನಿದ್ದೆ ಟೆಸ್ಟ್ ಮಾಡಿಸಿದೆ. ಗಂಟೆಗೆ 42 ಸಲ ಉಸಿರು ನಿಲ್ಲುವುದೋ, ಕಮ್ಮಿಯಾಗುವುದೋ ಆಗುತ್ತಿತ್ತು. 30 ದಾಟಿದರೆ ಅದು ತೀವ್ರ ಎಂದು ಲೆಕ್ಕ. ಆ ಮೇಲೆ ಮೂಗಿಗೆ ಸಿಪ್ಯಾಪ್ ಮಷಿನ್, ಅಂದರೆ ಮಲಗಿದಾಗ ಉಸಿರು ನಿಲ್ಲದಂತೆ ಗಾಳಿ ಒತ್ತಿ ಕೊಡುವ ಮಷಿನ್, ಬಂತು. ಆಪರೇಷನ್ ಮಾತೂ ಆಗಲೇ ಬಂತು.

ನನ್ನ ತೂಕ ಆಗ 99 ಕೆಜಿ. ಬರಿಗಾಲಲ್ಲಿ ಎತ್ತರ 168 ಸೆಂಟಿಮೀಟರ್. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ. ನನ್ನದು 35.08. ಇನ್ಶೂರೆನ್ಸ್‌ಗೆ ಬೇಕಾದದ್ದು 35. ಆದರೆ ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಶೂ ಹಾಕಿಕೊಂಡೇ ಅಳತೆ ಮಾಡಿ 170 ಎಂದು ಬರೆದಿದ್ದರು. ಹಾಗೆ ಲೆಕ್ಕ ಹಾಕಿದರೆ 34.26. ಅಷ್ಟಕ್ಕೇ ರಿಜೆಕ್ಟ್. ಎರಡು ಸೆಂಟಿಮೀಟರ್‌ಗೆ ಮೂರು ತಿಂಗಳು ಅಲೆದೆ.

ಅದಕ್ಕೇ ಹೇಳುತ್ತೇನೆ. ಅಳತೆ ಮಾಡುವಾಗ ಚಪ್ಪಲಿ ತೆಗೆಯಿರಿ. ಚೀಟಿಯಲ್ಲಿ ಏನು ಬರೆದಿದ್ದಾರೆ ಎಂದು ಅಲ್ಲೇ ನಿಂತು ಓದಿ. ತಾರೀಖು, ಸಹಿ, ಸೀಲು ಇದೆಯಾ ನೋಡಿ. ಮತ್ತೊಬ್ಬ ಡಾಕ್ಟರ್ ಬೇರೆ ಎತ್ತರ ಬರೆದಿದ್ದರೆ ಮೊದಲೇ ಸರಿ ಮಾಡಿಸಿ. ಎರಡು ಕಾಗದದಲ್ಲಿ ಎರಡು ಥರ ಇದ್ದರೆ ಅವರಿಗೆ ಅನುಮಾನ ಬರುತ್ತದೆ.

ನಿಮ್ಮದು ನಾನೇ ಲೆಕ್ಕ ಹಾಕಿದೆ ಅಕ್ಕ. 38.8 ಬರುತ್ತದೆ. 35 ದಾಟಿದೆ, 40 ಆಗಿಲ್ಲ. ಹಾಗಾಗಿ ನಿಮ್ಮ ಶುಗರ್ ಕಾಗದಗಳೇ ನಿಮ್ಮನ್ನು ದಾಟಿಸಬೇಕು.

ಇನ್ಶೂರೆನ್ಸ್ ಡೆಸ್ಕ್, ಚಿಕ್ಕಬಳ್ಳಾಪುರ

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಕೂರುತ್ತೇನೆ. ಮೇಲಿನ ಅಣ್ಣ ಸರಿಯಾಗಿ ಹೇಳಿದ್ದಾರೆ. ನಿಯಮ ಏನಿದೆ ಎಂದು ಬರೆಯುತ್ತೇನೆ, ಯಾಕೆಂದರೆ "ಕೊಡಲ್ಲ" ಎಂದು ಕೇಳಿಯೇ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಅದು ನನಗೆ ತುಂಬಾ ಬೇಸರ.

2019ರಲ್ಲಿ ಐಆರ್‌ಡಿಎಐ, ಅಂದರೆ ಇನ್ಶೂರೆನ್ಸ್ ಕಂಪನಿಗಳ ಮೇಲಿನ ಸರ್ಕಾರಿ ಪ್ರಾಧಿಕಾರ, ಯಾವುದಕ್ಕೆ ಹಣ ಕೊಡುವುದಿಲ್ಲ ಎನ್ನುವ ಪಟ್ಟಿಯ ಭಾಷೆಯನ್ನು ಎಲ್ಲಾ ಕಂಪನಿಗೂ ಒಂದೇ ಥರ ಮಾಡಿತು. ಅದರಲ್ಲಿ ಬೊಜ್ಜಿನ ಚಿಕಿತ್ಸೆಗೆ 06 ಎನ್ನುವ ಕೋಡ್ ಇದೆ. ಪಾಲಿಸಿ ಪುಸ್ತಕದಲ್ಲಿ ಅದನ್ನು ಹುಡುಕಿ. ಓದಿದರೆ "ಕೊಡುವುದಿಲ್ಲ" ಎಂದು ಕಾಣುತ್ತದೆ. ಸರಿಯಾಗಿ ನೋಡಿ. ಈ ಷರತ್ತುಗಳು ಪೂರ್ತಿ ಆಗದಿದ್ದರೆ ಮಾತ್ರ ಕೊಡುವುದಿಲ್ಲ ಎಂದಿದೆ. ಡಾಕ್ಟರ್ ಸಲಹೆ ಇರಬೇಕು. ಆಪರೇಷನ್ ವೈದ್ಯಕೀಯ ಪದ್ಧತಿಗೆ ಒಪ್ಪುವಂಥದ್ದಾಗಿರಬೇಕು. ವಯಸ್ಸು 18 ಆಗಿರಬೇಕು. ಬಿಎಂಐ 40 ಅಥವಾ ಜಾಸ್ತಿ ಇರಬೇಕು. ಇಲ್ಲವೇ 35 ಅಥವಾ ಜಾಸ್ತಿ ಇದ್ದು, ಜೊತೆಗೆ ಈ ನಾಲ್ಕರಲ್ಲಿ ಒಂದು ಇರಬೇಕು: ಬೊಜ್ಜಿನಿಂದ ಹೃದಯದ ಸ್ನಾಯು ಸೋತಿರುವುದು, ಹೃದಯದ ರಕ್ತನಾಳದ ಕಾಯಿಲೆ, ತೀವ್ರ ನಿದ್ದೆ ಉಸಿರುಕಟ್ಟು, ಹತೋಟಿಗೆ ಬಾರದ ಟೈಪ್ 2 ಶುಗರ್.

ನೋಡಿ, ಮಂಡಿ ನೋವು ಈ ಪಟ್ಟಿಯಲ್ಲಿ ಇಲ್ಲ. ಬಿಪಿ ಇಲ್ಲ. ಪಿಸಿಓಡಿ ಇಲ್ಲ. ಡಾಕ್ಟರ್ ಪತ್ರದಲ್ಲಿ ಮಂಡಿ ನೋವನ್ನೇ ಮೂರು ಸಾಲು ಬರೆದು ಶುಗರ್ ಒಂದೇ ಪದದಲ್ಲಿ ಮುಗಿಸಿದ್ದನ್ನು ನಾನು ಕಂಡಿದ್ದೇನೆ. ನಿಮ್ಮ ಪತ್ರದಲ್ಲಿ ಒಂಬತ್ತು ವರ್ಷದ ಶುಗರ್, ಈಗಿನ ಔಷಧಿ, ಇನ್ಸುಲಿನ್ ಎಷ್ಟು ಯೂನಿಟ್, ಇಷ್ಟಾದರೂ 9.4 ಎನ್ನುವುದು ಸ್ಪಷ್ಟವಾಗಿ ಬರಬೇಕು. ಹಳೆಯ ರಿಪೋರ್ಟ್‌ಗಳನ್ನೂ ಸೇರಿಸಿ. ಒಂದೇ ರಿಪೋರ್ಟ್ ಇಟ್ಟರೆ "ಈಗ ಮಾತ್ರ ಏರಿದೆ" ಎನ್ನುವ ಪ್ರಶ್ನೆ ಬರಬಹುದು.

ಇನ್ನೊಂದು ಮಾತು ಅದೇ ನಿಯಮದಲ್ಲಿ ಇದೆ. 35ರ ದಾರಿಯಲ್ಲಿ ಹೋಗುವವರು ಆಪರೇಷನ್ ಇಲ್ಲದ ವಿಧಾನಗಳನ್ನು ಮೊದಲು ಮಾಡಿ ನೋಡಿ ಸೋತಿರಬೇಕು. ನನ್ನ ಮೇಜಿಗೆ ಬರುವ ಕ್ವೆರಿಗಳಲ್ಲಿ, ಅಂದರೆ ಇನ್ಶೂರೆನ್ಸ್ ಕಂಪನಿಯವರು ಕೇಳುವ ಪ್ರಶ್ನೆಗಳಲ್ಲಿ, ಜಾಸ್ತಿ ಇದರ ಮೇಲೆಯೇ. "ಈ ಹಿಂದೆ ತೂಕ ಇಳಿಸಲು ಮಾಡಿದ ಪ್ರಯತ್ನದ ದಾಖಲೆ ಕೊಡಿ" ಎಂದು ಕೇಳುತ್ತಾರೆ. ಕೆರೆ ಸುತ್ತ ನಡೆದದ್ದಕ್ಕೆ ಯಾರು ಚೀಟಿ ಕೊಡುತ್ತಾರೆ ಹೇಳಿ? ಮನೆಯಲ್ಲೇ ಊಟ ಬಿಟ್ಟವರ ಹತ್ತಿರ ಕಾಗದ ಇರುವುದಿಲ್ಲ. ಅದಕ್ಕೆ ಇವತ್ತಿನಿಂದಲೇ ತುಮಕೂರಿನಲ್ಲೇ ಒಬ್ಬ ಡಯಟೀಷಿಯನ್ ಅಥವಾ ಫಿಜಿಷಿಯನ್ ಹತ್ತಿರ ತಿಂಗಳಿಗೊಮ್ಮೆ ಹೋಗಿ. ಪ್ರತಿ ಸಲ ತೂಕ, ಕೊಟ್ಟ ಸಲಹೆ, ತಾರೀಖು ಓಪಿಡಿ ಚೀಟಿಯಲ್ಲಿ ಬರೆಯಲಿ. ಹಳೆಯ ಡಾಕ್ಟರ್ ಚೀಟಿಯಲ್ಲಿ "ತೂಕ ಇಳಿಸಿ" ಎಂದು ಬರೆದದ್ದು ಸಿಕ್ಕರೂ ತೆಗೆದಿಡಿ. ಜಿಮ್ ಕಟ್ಟಿದ ರಸೀದಿ ಇದ್ದರೆ ಅದೂ ಇರಲಿ.

ಸುಳ್ಳು ಚೀಟಿ ಮಾತ್ರ ಮಾಡಿಸಬೇಡಿ. ಹಿಂದಿನ ತಾರೀಖು ಹಾಕಿಸಿ ಸಿಕ್ಕಿಬಿದ್ದರೆ, ನಿಜವಾದ ಕಾಗದಕ್ಕೂ ಬೆಲೆ ಇರುವುದಿಲ್ಲ.

ಅಮಾನಿಕೆರೆ ಹತ್ತಿರದವಳು, ತುಮಕೂರು

ಓದಿ ಕಣ್ಣು ತುಂಬಿ ಬಂತು. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಬೀರುವಿನಲ್ಲಿದ್ದ ಹಳೆಯ ಚೀಟಿಗಳನ್ನೆಲ್ಲ ತೆಗೆದೆ. 2021ರಿಂದ ಶುಗರ್ ಡಾಕ್ಟರ್ ಪ್ರತಿ ಸಲ ತೂಕ ಬರೆದಿದ್ದಾರೆ. ಎರಡು ಕಡೆ "ಆಹಾರ ಪಥ್ಯ, ನಡಿಗೆ" ಎಂದೂ ಇದೆ. ನಾನು ಗಮನಿಸಿಯೇ ಇರಲಿಲ್ಲ.

ಗುಬ್ಬಿಯ ಹಿರಿಯರಿಗೆ: ಅಪ್ಪಾಜಿ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ನಾನೂ ಎಷ್ಟೋ ವರ್ಷ ಹಾಗೇ ಅಂದುಕೊಂಡು ನನ್ನನ್ನೇ ಬೈದುಕೊಂಡೆ. ಆದರೆ ತೂಕ ಇಳಿದ ಹಾಗೆಲ್ಲ ದೇಹ ಹಸಿವನ್ನು ಜಾಸ್ತಿ ಮಾಡುತ್ತದಂತೆ, ಖರ್ಚು ಮಾಡುವ ಶಕ್ತಿಯನ್ನು ಕಮ್ಮಿ ಮಾಡುತ್ತದಂತೆ. ನಮ್ಮ ಸೋಮಾರಿತನ ಅಲ್ಲ ಅದು. ಅಪ್ಪನಿಗೂ ಶುಗರ್ ಇತ್ತು, ಕಾಲು ತೆಗೆಯಬೇಕಾಯಿತು. ನನಗೆ ಆ ಭಯ.

ಗುಬ್ಬಿ ಹಿರಿಯ

ತಪ್ಪು ತಿಳಿಯಬೇಡಮ್ಮ. ನಿಮ್ಮಪ್ಪನ ವಿಷಯ ಗೊತ್ತಿರಲಿಲ್ಲ. ಒಳ್ಳೆಯ ಡಾಕ್ಟರ್ ನೋಡಿ ಮಾಡಿಸು. ಒಬ್ಬರ ಮಾತು ಸಾಲದು, ಇನ್ನೊಬ್ಬರನ್ನೂ ಕೇಳು.

ಶಿಡ್ಲಘಟ್ಟ ರೀಲಿಂಗ್ ಮನೆ

ಅಣ್ಣಂದಿರೆ, ಅಕ್ಕಂದಿರೆ, ನನ್ನ ಬಿಎಂಐ 32. ಶುಗರ್ ಇದೆ. ಡಾಕ್ಟರ್ ಮಾಡಿಸಬಹುದು ಎಂದರು. ಇನ್ಶೂರೆನ್ಸ್ ಆಗಲ್ಲ ಎಂದರು. ಇದು ಯಾವ ನ್ಯಾಯ?

ಇನ್ಶೂರೆನ್ಸ್ ಡೆಸ್ಕ್, ಚಿಕ್ಕಬಳ್ಳಾಪುರ

ಇಬ್ಬರೂ ನಿಜವನ್ನೇ ಹೇಳಿದ್ದಾರೆ. 2022ರಲ್ಲಿ ಜಗತ್ತಿನ ಬೊಜ್ಜು ಸರ್ಜನ್‌ಗಳ ಸಂಘಗಳು ಮಾರ್ಗಸೂಚಿ ಬದಲಿಸಿದವು. ಟೈಪ್ 2 ಶುಗರ್ ಇದ್ದರೆ 30 ದಾಟಿದವರಿಗೂ ಮಾಡಬಹುದು ಎಂದವು. ನಮ್ಮಂಥ ಏಷ್ಯಾದವರಿಗೆ ಕಮ್ಮಿ ತೂಕದಲ್ಲೇ ಶುಗರ್ ಬರುವುದರಿಂದ ಮಿತಿ ಇನ್ನೂ ಕೆಳಗಿರಬೇಕು ಎಂದೂ ಇದೆ. ಆದರೆ ಪಾಲಿಸಿಗಳಲ್ಲಿ 2019ರ 35 ಮತ್ತು 40 ಹಾಗೇ ಉಳಿದಿದೆ. ಪಾಲಿಸಿ ಪುಸ್ತಕದಲ್ಲಿ ಬರೆದದ್ದೇ ಕೊನೆಗೆ ಲೆಕ್ಕಕ್ಕೆ ಬರುವುದು. ಈ ಮಿತಿ ಬದಲಾಗಬೇಕು ಎಂದು ನನಗೂ ಅನಿಸುತ್ತದೆ. ಸದ್ಯಕ್ಕೆ 32ರಲ್ಲಿ ಕ್ಯಾಶ್‌ಲೆಸ್ (ಆಸ್ಪತ್ರೆಗೆ ಇನ್ಶೂರೆನ್ಸ್ ಕಂಪನಿಯೇ ನೇರವಾಗಿ ಕಟ್ಟುವುದು) ನಂಬಿಕೊಂಡು ಅಡ್ಮಿಟ್ ಆಗಬೇಡಿ. ಅದಕ್ಕಾಗಿ ತೂಕ ಏರಿಸಿಕೊಳ್ಳುವ ಯೋಚನೆಯಂತೂ ಬೇಡವೇ ಬೇಡ. ಒಬ್ಬರು ಹಾಗೆ ಮಾಡಿದ್ದನ್ನು ನೋಡಿದ್ದೇನೆ, ಶುಗರ್ ಇನ್ನೂ ಕೆಟ್ಟಿತು.

ತುಮಕೂರಿನ ಅಕ್ಕನಿಗೆ ಉಳಿದ ವಿಷಯ. ನಿಮ್ಮದು ಕಂಪನಿ ಕೊಟ್ಟ ಗುಂಪು ಪಾಲಿಸಿ. ಅದರಲ್ಲಿ ಕಾಯುವ ಅವಧಿ, ಅಂದರೆ ಪಾಲಿಸಿ ಶುರುವಾದ ಮೇಲೂ ಕೆಲವು ಕಾಯಿಲೆಗೆ ಹಣ ಕೊಡದ ಸಮಯ, ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಕೆಲವು ಕಂಪನಿಗಳು ಈ ಆಪರೇಷನ್‌ಗೆ ಬೇರೆ ಮಿತಿ ಹಾಕಿಸಿರುತ್ತವೆ. ಯಜಮಾನರು ಎಚ್‌ಆರ್‌ಗೆ ಮೇಲ್ ಹಾಕಿ ಲಿಖಿತವಾಗಿ ಕೇಳಲಿ. ಬಾಯಿಮಾತು ಸಾಲದು. ಅವರು ಕೆಲಸ ಬಿಡುವ ಯೋಚನೆಯಲ್ಲಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಕೆಲಸದ ಜೊತೆ ಈ ಪಾಲಿಸಿಯೂ ಹೋಗುತ್ತದೆ.

ಸ್ವಂತ ಪಾಲಿಸಿ ಇರುವವರಿಗೆ ಮಾತು ಬೇರೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಈಗ ಹೆಚ್ಚೆಂದರೆ ಮೂರು ವರ್ಷ. 2024ರಲ್ಲಿ ನಾಲ್ಕರಿಂದ ಇಳಿಸಿದರು. ಪಾಲಿಸಿ ತೆಗೆದುಕೊಳ್ಳುವಾಗ ಶುಗರ್ ಇರುವುದನ್ನು ಮುಚ್ಚಿಟ್ಟರೆ ಆಪರೇಷನ್ ಸಮಯದಲ್ಲಿ ಹಳೆಯ ಚೀಟಿಗಳೇ ಸಾಕ್ಷಿ ಹೇಳುತ್ತವೆ.

ರೂಮ್ ಬಾಡಿಗೆ ಮಿತಿ ನೋಡಿ. ದಿನಕ್ಕೆ 5,000 ಮಿತಿ ಇದ್ದು ನೀವು 7,500ರ ರೂಮ್ ಹಿಡಿದರೆ ಬರೀ ಆ 2,500 ಮಾತ್ರ ಹೋಗುವುದಿಲ್ಲ. ಸರ್ಜನ್ ಫೀಸ್‌ನಂಥ ಖರ್ಚುಗಳಲ್ಲೂ ಅದೇ ಅನುಪಾತದಲ್ಲಿ ಕಡಿತ ಮಾಡುವ ಪಾಲಿಸಿಗಳಿವೆ. 90,000 ಇದ್ದದ್ದು 60,000 ಆಗುತ್ತದೆ. ಔಷಧಿ, ಇಂಪ್ಲಾಂಟ್, ಟೆಸ್ಟ್‌ಗಳಿಗೆ ಆ ಕಡಿತ ಮಾಡುವ ಹಾಗಿಲ್ಲ. ಬೈಪಾಸ್‌ನಲ್ಲಿ ಹೊಲಿಗೆಗೆ ಬಳಸುವ ಸ್ಟೇಪ್ಲರ್‌ಗಳೇ ದೊಡ್ಡ ಖರ್ಚು, ಎಸ್ಟಿಮೇಟ್‌ನಲ್ಲಿ ಅವು ಸೇರಿವೆಯಾ ಕೇಳಿ.

ಮಾರಿಕುಪ್ಪಂ ಪ್ಯಾಸೆಂಜರ್, ಕೋಲಾರ ಜಿಲ್ಲೆ

ಕಾಗದದ ವಿಷಯ ಆಯಿತು. ದೇಹದ ತಯಾರಿ ಹೇಳುತ್ತೇನೆ. ನನಗೆ ರಕ್ತ, ಥೈರಾಯ್ಡ್, ಬಿ12, ವಿಟಮಿನ್ ಡಿ, ಹೊಟ್ಟೆ ಸ್ಕ್ಯಾನಿಂಗ್, ಎಕೋ, ಎಂಡೋಸ್ಕೋಪಿ ಮಾಡಿಸಿದರು. ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಬ್ಯಾಕ್ಟೀರಿಯಾ ಸಿಕ್ಕಿತು. ಅದಕ್ಕೆ ಎರಡು ವಾರ ಮಾತ್ರೆ ತಗೊಂಡ ಮೇಲೆಯೇ ಮುಂದಿನ ಮಾತು. ಮನಸ್ಸಿನ ಡಾಕ್ಟರ್ ಹತ್ತಿರವೂ ಕಳಿಸಿದರು. ನನಗೆ ಹುಚ್ಚಾ ಎಂದು ಕೋಪ ಬಂದಿತ್ತು. ಆದರೆ ಅಲ್ಲಿ ಕೇಳಿದ ಒಂದು ಪ್ರಶ್ನೆ ಇವತ್ತಿಗೂ ನೆನಪಿದೆ: "ಬೇಜಾರಾದಾಗ ಏನು ತಿನ್ನುತ್ತೀರಿ?" ಉತ್ತರ ನನಗೇ ಗೊತ್ತಿರಲಿಲ್ಲ. ಸ್ಟೇಷನ್ ಹೊರಗಿನ ಬೋಂಡಾ ಅಂಗಡಿ ಅದು.

ಆಪರೇಷನ್‌ಗೆ ಎರಡು ವಾರ ಮೊದಲು ತೀರಾ ಕಮ್ಮಿ ಊಟ, ಹೆಚ್ಚಾಗಿ ಪ್ರೋಟೀನ್ ಮತ್ತು ದ್ರವ. ಲಿವರ್‌ನಲ್ಲಿ ಕೊಬ್ಬು ತುಂಬಿ ಊದಿಕೊಂಡಿರುತ್ತದೆ, ಅದು ಕುಗ್ಗಿದರೆ ಸರ್ಜನ್‌ಗೆ ಹೊಟ್ಟೆ ಕಾಣುತ್ತದೆ. ಅಕ್ಕ, ನೀವು ಇನ್ಸುಲಿನ್‌ನಲ್ಲಿ ಇರುವುದರಿಂದ ಈ ಎರಡು ವಾರ ಜೋಪಾನ. ಊಟ ಕಮ್ಮಿಯಾದಾಗ ಇನ್ಸುಲಿನ್ ಹಳೆಯ ಲೆಕ್ಕದಲ್ಲೇ ಹಾಕಿಕೊಂಡರೆ ಶುಗರ್ ಕುಸಿಯುತ್ತದೆ. ಡೋಸ್ ಎಷ್ಟು ಇಳಿಸಬೇಕು ಎಂದು ಮೊದಲೇ ಬರೆಸಿಕೊಳ್ಳಿ.

ಬೀಡಿ, ಸಿಗರೇಟು ಇರುವವರು ವಾರಗಳ ಮೊದಲೇ ಬಿಡಬೇಕು. ಮೂರು ಚೆಂಡಿನ ಉಸಿರಾಟದ ಆಟಿಕೆ ಕೊಡುತ್ತಾರೆ, ಅದನ್ನು ದಿನಾ ಎಳೆಯಿರಿ. ಆಪರೇಷನ್ ಆದ ಸಂಜೆಯೇ ಎಬ್ಬಿಸಿ ನಡೆಸಿದರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು. ಹೊಟ್ಟೆಗೆ ತುಂಬಿದ ಗ್ಯಾಸ್‌ನಿಂದ ಭುಜ ನೋಯುತ್ತದೆ, ಗಾಬರಿ ಬೇಡ. ಆದರೆ ಮನೆಗೆ ಬಂದ ಮೇಲೆ ಜ್ವರ, ಎದೆ ಬಡಿತ ಜೋರು, ಹೊಟ್ಟೆ ನೋವು ಏರುವುದು ಆದರೆ ಬೆಳಗಾಗಲಿ ಎಂದು ಕಾಯಬೇಡಿ. ಹೊಲಿಗೆ ಸೋರುತ್ತಿರಬಹುದು. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ರಾತ್ರಿ ಯಾರ ಗಾಡಿ ಸಿಗುತ್ತದೆ ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ.

ನನಗೆ ಈಗ ಒಂದೂವರೆ ವರ್ಷ. 74 ಕೆಜಿ. ನಾಲ್ಕನೇ ತಿಂಗಳಲ್ಲಿ ಕೂದಲು ತುಂಬಾ ಉದುರಿತು, ಆಮೇಲೆ ಬಂತು. ಸಿಪ್ಯಾಪ್ ಮಷಿನ್ ಡಾಕ್ಟರ್ ಮತ್ತೆ ಟೆಸ್ಟ್ ಮಾಡಿ ನಿಲ್ಲಿಸಿದರು. ಈಗ ಬಂಗಾರಪೇಟೆಯಲ್ಲೇ ಇಳಿಯುತ್ತೇನೆ.

ಡಯಟೀಷಿಯನ್, ಕೋಲಾರ

ಊಟದ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ. ನಮ್ಮ ಕಡೆಯವರಿಗೆ ದೊಡ್ಡ ಪ್ರಶ್ನೆ ಮುದ್ದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆಪರೇಷನ್ ಆದ ಹೊಟ್ಟೆಗೆ ಅದೇ ಕಷ್ಟ. ನುಂಗಿದ ತುತ್ತು ಸಿಕ್ಕಿಕೊಂಡು ಎದೆ ಹಿಡಿಯುತ್ತದೆ, ವಾಂತಿಯಾಗುತ್ತದೆ. ಹುಟ್ಟಿದಾಗಿನಿಂದ ನುಂಗಿದವರಿಗೆ ಅಗಿಯುವುದನ್ನು ಕಲಿಸುವುದೇ ನನ್ನ ಕೆಲಸ. ಈಗಿನಿಂದಲೇ ಅಭ್ಯಾಸ ಮಾಡಿ ಅಕ್ಕ. ಯಾವ ತುತ್ತಾದರೂ ಬಾಯಲ್ಲಿ ನೀರಾಗುವವರೆಗೆ ಅಗಿಯಿರಿ. ಊಟದ ಜೊತೆ ನೀರು ಬಿಡಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಆಪರೇಷನ್ ನಂತರ ಮೊದಲು ತಿಳಿ ದ್ರವ, ಆಮೇಲೆ ಹಾಲು, ಮಜ್ಜಿಗೆ, ಸೋಸಿದ ಬೇಳೆ ಕಟ್ಟು, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ವಾರದ ಲೆಕ್ಕ ನಿಮ್ಮ ಆಸ್ಪತ್ರೆಯವರು ಹೇಳಿದ್ದೇ ಸರಿ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಪ್ರೋಟೀನ್ ಕಮ್ಮಿ. ಹಾಗಾಗಿ ತಟ್ಟೆಯಲ್ಲಿ ಮೊದಲು ಮೊಟ್ಟೆ, ಮೀನು, ಪನೀರ್, ಬೇಳೆ. ಜಾಗ ಉಳಿದರೆ ಮುದ್ದೆ. ಬಸ್ಸಾರಿನ ಕಟ್ಟು ಚೆನ್ನಾಗಿರುತ್ತದೆ, ಖಾರ ಕಮ್ಮಿ ಇರಲಿ. ಅವರೆಕಾಳು ಸೀಸನ್‌ನಲ್ಲಿ ಹಿತಕಿದ ಬೇಳೆಯನ್ನು ಚೆನ್ನಾಗಿ ಬೇಯಿಸಿ ಮಸೆದು ತಿನ್ನಬಹುದು, ಆದರೆ ಮೊದಲ ತಿಂಗಳುಗಳಲ್ಲಿ ಬೇಡ, ವಾಯು ಆಗುತ್ತದೆ.

ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಬೈಪಾಸ್ ಆದವರು ಮಂಡಿ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಇನ್ನೂ ಮಕ್ಕಳು ಬೇಕು ಎನ್ನುವ ಹೆಣ್ಣುಮಕ್ಕಳು ಆಪರೇಷನ್ ಆಗಿ ಒಂದರಿಂದ ಒಂದೂವರೆ ವರ್ಷ ತಡೆಯಬೇಕು.

ಕುಣಿಗಲ್ ರಸ್ತೆ

ಈಗ ತೂಕ, ಶುಗರ್ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ, ಅದನ್ನು ತಗೊಳ್ಳುತ್ತಿರುವವರು ಏನು ಮಾಡಬೇಕು?

ಡಯಟೀಷಿಯನ್, ಕೋಲಾರ

ಅರಿವಳಿಕೆ ಡಾಕ್ಟರ್‌ಗೆ ತಪ್ಪದೆ ಹೇಳಬೇಕು. ಅದರಿಂದ ಹೊಟ್ಟೆ ಖಾಲಿಯಾಗುವುದು ನಿಧಾನ. ಖಾಲಿ ಹೊಟ್ಟೆ ಎಂದುಕೊಂಡರೂ ಒಳಗೆ ಊಟ ಉಳಿದಿರಬಹುದು. ಯಾವಾಗ ನಿಲ್ಲಿಸಬೇಕು ಎಂದು ಅವರೇ ತಿಳಿಸುತ್ತಾರೆ.

ಅಮಾನಿಕೆರೆ ಹತ್ತಿರದವಳು, ತುಮಕೂರು

ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಇಲ್ಲೇ ಡಯಟೀಷಿಯನ್ ಹತ್ತಿರ ತಿಂಗಳು ತಿಂಗಳು ಹೋದೆ. ನಾಲ್ಕು ಚೀಟಿ ಆಗಿದೆ. ಬರಿಗಾಲಲ್ಲಿ ಅಳತೆ ಮಾಡಿಸಿದೆ, 154. ತೂಕ 90.5ಕ್ಕೆ ಬಂದಿದೆ, ಶುಗರ್ ಸರಾಸರಿ 9.1. ಎಚ್‌ಆರ್ ಮೇಲ್ ಬಂತು, ಬೇರೆ ಮಿತಿ ಇಲ್ಲ.

ಒಂದು ಭಯ ಇದೆ. ಎರಡು ವಾರದ ದ್ರವ ಆಹಾರದಲ್ಲಿ ಇನ್ನೂ ತೂಕ ಇಳಿದರೆ ಇನ್ಶೂರೆನ್ಸ್ ಕಂಪನಿಯವರು ಹಣ ಕೊಡಲ್ಲ ಎನ್ನುತ್ತಾರಾ?

ಇನ್ಶೂರೆನ್ಸ್ ಡೆಸ್ಕ್, ಚಿಕ್ಕಬಳ್ಳಾಪುರ

90.5ಕ್ಕೆ ಈಗ 38.2 ಬರುತ್ತದೆ. ನಿಮ್ಮ ಎತ್ತರಕ್ಕೆ 35 ಅಂದರೆ 83 ಕೆಜಿ. ನಿಮಗೆ ಜಾಗ ಇದೆ. ಆದರೂ ಸರ್ಜನ್ ಪತ್ರದಲ್ಲಿ ಮೊದಲ ಭೇಟಿಯ ತೂಕ, ಈಗಿನ ತೂಕ ಎರಡೂ ಇರಲಿ. ಇಳಿದದ್ದು ಆಪರೇಷನ್ ತಯಾರಿಯ ಊಟದಿಂದ ಎಂದೂ ಬರೆಯಲಿ. ಪ್ರೀ-ಆಥ್, ಅಂದರೆ ಮುಂಚಿತ ಒಪ್ಪಿಗೆಯ ಅರ್ಜಿಯನ್ನು ಅಡ್ಮಿಟ್ ಆಗುವುದಕ್ಕೆ ಮೂರು ನಾಲ್ಕು ದಿನ ಮೊದಲೇ ಕಳಿಸಲು ಡೆಸ್ಕ್‌ನವರಿಗೆ ಹೇಳಿ. ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಬಿಲ್‌ಗೆ ಮೂರು ಗಂಟೆಯಲ್ಲಿ ಉತ್ತರ ಕೊಡಬೇಕು ಎಂದು 2024ರಲ್ಲಿ ನಿಯಮ ಬಂದಿದೆ. ಕ್ವೆರಿ ಬಂದರೆ ಅದು ರಿಜೆಕ್ಟ್ ಅಲ್ಲ, ಕೇಳಿದ ಕಾಗದ ಕೊಟ್ಟರೆ ಆಯಿತು.

ಅಕಸ್ಮಾತ್ ರಿಜೆಕ್ಟ್ ಆದರೆ ಕಾರಣ ಲಿಖಿತವಾಗಿ ಕೇಳಿ. ಪಾಲಿಸಿಯ ಯಾವ ಷರತ್ತು ಎಂದು ಅವರು ತೋರಿಸಬೇಕು. ಇನ್ಶೂರೆನ್ಸ್ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಐಆರ್‌ಡಿಎಐನ ದೂರು ವೆಬ್‌ಸೈಟ್ ಆದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿ. ಒಂದು ತಿಂಗಳು ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿ, ಅಂದರೆ ಇಂಥ ದೂರು ವಿಚಾರಿಸಿ ತೀರ್ಮಾನ ಕೊಡುವ ಕಚೇರಿ, ಇದೆ. ಫೀಸ್ ಇಲ್ಲ, ಲಾಯರ್ ಬೇಡ. ಒಂದು ವರ್ಷದೊಳಗೆ ದೂರು ಕೊಡಬೇಕು.

ಅಮಾನಿಕೆರೆ ಹತ್ತಿರದವಳು, ತುಮಕೂರು

ಇವತ್ತು ಮಧ್ಯಾಹ್ನ ಒಪ್ಪಿಗೆ ಬಂತು. ಕ್ವೆರಿ ಒಂದೇ ಬಂದಿತ್ತು, ಹಿಂದಿನ ಪ್ರಯತ್ನದ ದಾಖಲೆ ಕೇಳಿದ್ದರು. 2021ರ ಚೀಟಿಗಳು, ಈ ನಾಲ್ಕು ತಿಂಗಳ ಚೀಟಿಗಳು ಎಲ್ಲಾ ಸೇರಿಸಿ ಕಳಿಸಿದೆವು. 3 ಲಕ್ಷ 20 ಸಾವಿರಕ್ಕೆ ಮೊದಲ ಒಪ್ಪಿಗೆ ಕೊಟ್ಟಿದ್ದಾರೆ, ಉಳಿದದ್ದು ಕೊನೆಯ ಬಿಲ್ ನೋಡಿ ಎಂದಿದ್ದಾರೆ. ಗುರುವಾರ ಬೆಳಿಗ್ಗೆ ಅಡ್ಮಿಟ್. ತಮ್ಮ ಕಾರು ತಂದು ಎರಡು ವಾರ ನಮ್ಮ ಮನೆಯಲ್ಲೇ ಇರುತ್ತಾನೆ, ರಾತ್ರಿ ಬೇಕಾದರೆ ಇರಲಿ ಎಂದು.

ಕೋಲಾರದ ಮೇಡಂ, ಅತ್ತೆ ಬೇಳೆ ಕಟ್ಟಿಗೆ ಒಗ್ಗರಣೆ ಹಾಕಬಹುದಾ ಎಂದು ಕೇಳುತ್ತಿದ್ದಾರೆ.

ಡಯಟೀಷಿಯನ್, ಕೋಲಾರ

ಮೊದಲ ವಾರಗಳಲ್ಲಿ ಬೇಡ ಎಂದು ಅತ್ತೆಗೆ ಹೇಳಿ. ಸಾಸಿವೆ, ಕರಿಬೇವು ಗಂಟಲಿಗೆ ಸಿಗುತ್ತದೆ. ಚಿಟಿಕೆ ಜೀರಿಗೆ ಹಾಕಿ ಕುದಿಸಿ ಎರಡು ಸಲ ಸೋಸಿ ಕೊಡಲಿ. ಗುರುವಾರ ಆದ ಮೇಲೆ ಹೇಗಿದ್ದೀರಿ ಎಂದು ಯಾರಾದರೂ ಒಂದು ಸಾಲು ಹಾಕಿ.